ಕೊಲೆಗಾರನಿಗಾಗಿ ಮರುಗುವುದು ತಪ್ಪೇ?

ಮಾನ್ಯರೇ,

ದುರಂತ ನಾಟಕಗಳನ್ನು ಕುರಿತ ನಮ್ಮ ಲೇಖನವನ್ನು ಓದಿ ನೀವು ಬರೆದ ಪತ್ರ ತಲುಪಿತು. ತನ್ನ ಮನೆಗೆ ಬಂದ ಅರಸನನ್ನು ನಿದ್ದೆಯಲ್ಲೇ ಕೊಂದ ಮ್ಯಾಕ್‌ಬೆತ್‌ಗಾಗಿ ನಾವು ಮರುಗುವಂತೆ ಮಾಡುವುದು ನಾಟಕಕಾರನ ವಂಚನೆಯಲ್ಲವೇ ಎಂದು ಕೇಳಿದ್ದೀರಿ.

ಅಪರಾಧವನ್ನು ಮರೆಮಾಚಿ ಮರುಕ ಗಿಟ್ಟಿಸಿದ್ದರೆ ಅದು ವಂಚನೆಯೇ ಆಗುತ್ತಿತ್ತು. ಶೇಕ್ಸ್‌ಪಿಯರ್ ಹಾಗೆ ಮಾಡಿಲ್ಲ. ಮೊದಲ ಅಂಕದ ಕೊನೆಯ ದೃಶ್ಯದಲ್ಲಿ ಮ್ಯಾಕ್‌ಬೆತ್ ಒಬ್ಬನೇ ನಿಂತು, ಡಂಕನ್ ತನ್ನ ಬಂಧು, ತನ್ನ ದೊರೆ, ತನ್ನ ಅತಿಥಿ, ಮೇಲಾಗಿ ಸೌಮ್ಯ ಸ್ವಭಾವದವನು ಎಂದು ಕೊಲೆಗೆ ಅಡ್ಡಬರುವ ಕಾರಣಗಳನ್ನೆಲ್ಲ ತಾನೇ ಎಣಿಸುತ್ತಾನೆ. ಅವನ ಮೇಲೆ ನಾವು ಹೊರಿಸಬೇಕಾಗಿದ್ದ ಆರೋಪಗಳನ್ನು ಅವನೇ ನಮಗಿಂತ ಮೊದಲು ಹೊರಿಸಿಕೊಂಡುಬಿಟ್ಟ ಮೇಲೆ ನಮಗೆ ಉಳಿಯುವುದು ಅವನ ಸಂಕಟವನ್ನು ನೋಡುವ ಕೆಲಸವೊಂದೇ. ಕೊಲೆ ತೆರೆಮರೆಯಲ್ಲಿ ನಡೆಯುತ್ತದೆ; ರಂಗದ ಮೇಲೆ ಬರುವವನು, ಯಾರೋ ದೇವರನ್ನು ನೆನೆದಾಗ ತನ್ನ ಗಂಟಲಿನಿಂದ ‘ಆಮೆನ್’ ಎಂಬ ಮಾತು ಏಕೆ ಹೊರಡಲಿಲ್ಲವೆಂದು ಹೆಂಡತಿಯನ್ನು ಕೇಳುವ, ಕೈಗೆ ರಕ್ತ ಮೆತ್ತಿಕೊಂಡ ಮನುಷ್ಯ. ಔತಣದ ದೃಶ್ಯದಲ್ಲಿ, ಮ್ಯಾಕ್‌ಬೆತ್ ಕೊಲ್ಲಿಸಿದ ಗೆಳೆಯ ಬ್ಯಾಂಕೋನ ಪ್ರೇತ ಅತಿಥಿಗಳಲ್ಲಿ ಯಾರಿಗೂ ಕಾಣದು. ಅವನಿಗೆ ಕಾಣುತ್ತದೆ, ರಂಗದ ಮೇಲೆ ಪ್ರೇತವನ್ನು ತಂದಾಗ ನಮಗೂ ಕಾಣುತ್ತದೆ. ಅಷ್ಟು ಹೊತ್ತು ನಾವು ಅವನ ಕಣ್ಣಿನಿಂದಲೇ ನೋಡುತ್ತಿರುತ್ತೇವೆ.

ಈ ಮರುಕ ಉದ್ದಕ್ಕೂ ಒಂದೇ ಸಮನಾಗಿರುವುದಿಲ್ಲ ಎಂಬುದನ್ನೂ ಗಮನಿಸಬೇಕು. ನಾಲ್ಕನೆಯ ಅಂಕದಲ್ಲಿ, ಮ್ಯಾಕ್‌ಬೆತ್ ಕಳಿಸಿದ ಕೊಲೆಗಡುಕರಿಂದ ಅವನ ಎದುರಾಳಿ ಮ್ಯಾಕ್‌ಡಫ್‌ನ ಎಳೆಯ ಮಗನ ಕೊಲೆ ನಮ್ಮ ಕಣ್ಣೆದುರೇ ನಡೆಯುತ್ತದೆ. ಅಲ್ಲಿ ನಾಟಕಕಾರ ನಮ್ಮಿಂದ ಮ್ಯಾಕ್‌ಬೆತ್‌ಗಾಗಿ ಒಂದು ಹನಿ ಕಣ್ಣೀರನ್ನೂ ಕೇಳುವುದಿಲ್ಲ. ತೀರಾ ದುಷ್ಟನ ಪತನ ಮರುಕ ಹುಟ್ಟಿಸದು ಎಂದ ಅರಿಸ್ಟಾಟಲನ ಮಾತಿನ ಅಂಚಿನವರೆಗೂ ನಾಟಕ ಹೋಗಿಬರುತ್ತದೆ. ಗೌರವ, ಪ್ರೀತಿ, ಗೆಳೆಯರು ಯಾವುದೂ ತನ್ನ ಮುಪ್ಪಿಗೆ ಇಲ್ಲವೆಂದು ಐದನೆಯ ಅಂಕದಲ್ಲಿ ಅವನೇ ಒಪ್ಪಿಕೊಂಡಾಗ, ಆ ಮಗುವಿನ ಸಾವನ್ನು ಮರೆಯದೆಯೇ ನಾವು ಮತ್ತೆ ಅವನ ಕಡೆ ತಿರುಗುತ್ತೇವೆ.

ಇದಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವುದು ಭಾಸನ ಸಂಸ್ಕೃತ ನಾಟಕ ‘ಊರುಭಂಗ’. ಭೀಮನ ಗದೆ ದುರ್ಯೋಧನನ ತೊಡೆ ಮುರಿದ ಸಂಗತಿಯನ್ನು ಭಟರ ಬಾಯಲ್ಲಿ ಹೇಳಿಸಿಬಿಟ್ಟ ಭಾಸ, ರಂಗಕ್ಕೆ ತರುವುದು ಅದರ ನಂತರದ ಗಳಿಗೆಗಳನ್ನು. ಸೇಡಿಗೆ ಸಿದ್ಧನಾದ ಅಶ್ವತ್ಥಾಮನಿಗೆ ದುರ್ಯೋಧನ ದ್ರೌಪದಿಯ ಮುಡಿ ಹಿಡಿದೆಳೆದದ್ದನ್ನೂ, ಬಾಲಕ ಅಭಿಮನ್ಯುವಿನ ವಧೆಯನ್ನೂ, ಕಪಟ ದ್ಯೂತವನ್ನೂ ನೆನಪಿಸಿ, ಅವುಗಳ ಮುಂದೆ ಪಾಂಡವರು ತನಗೆ ಮಾಡಿದ್ದು ಅಲ್ಪವೇ ಎನ್ನುತ್ತಾನೆ. ಇಲ್ಲಿಯೂ ತೀರ್ಪು ಕೊಡುವವನು ಅಪರಾಧಿಯೇ. ಆದರೆ ಅದಕ್ಕೂ ಮೊದಲೇ ಭಾಸ ನಮ್ಮ ಎದೆಯನ್ನು ಮೆದುವಾಗಿಸಿರುತ್ತಾನೆ: ಪುಟ್ಟ ಮಗ ದುರ್ಜಯ ಓಡಿಬಂದು ಎಂದಿನಂತೆ ತೊಡೆಯೇರಲು ಹವಣಿಸುತ್ತಾನೆ, ತಂದೆ ತಡೆಯುತ್ತಾನೆ, ಏಕೆ ತಡೆಯುತ್ತೀರಿ ಎಂದು ಮಗು ಕೇಳುತ್ತದೆ; ನಿನಗೆ ರೂಢಿಯಾಗಿದ್ದ ಆ ಆಸನ ಇಂದಿನಿಂದ ಇಲ್ಲ, ಬೇರೆಲ್ಲಾದರೂ ಕುಳಿತುಕೋ ಎಂದು ದುರ್ಯೋಧನ ಹೇಳುತ್ತಾನೆ. ದ್ರೌಪದಿಯನ್ನು ಕೂರಲು ಕರೆದ ತೊಡೆ ಅದೇ ಎಂಬುದು ನೋಡುವವರಿಗೆಲ್ಲ ಗೊತ್ತು.

— ಸಂಪಾದಕ