ಬೇಲಿ ಸರಿಸಿದವರೇ ನಾಟಿಗೂ ಬಂದರು

ಪ್ರಿಯ ಲೇಖಕರೇ,

ಮನುಷ್ಯ ಮೂಲತಃ ಸ್ವಾರ್ಥಿ ಎಂದು ವಾದಿಸುವ ನಿಮ್ಮ ಪ್ರಬಂಧವನ್ನು ನಿಧಾನವಾಗಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಆದರೆ ಇದರೊಳಗೆ ಒಂದು ಒಳ್ಳೆಯ ಬರಹವಿದೆ. ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಮೊದಲ ಮೂರು ಪುಟಗಳನ್ನು ತೆಗೆದುಬಿಡಿ. ತತ್ವಜ್ಞಾನಿ ಥಾಮಸ್ ಹಾಬ್ಸ್ 1651ರ ತನ್ನ ‘ಲೆವಿಯಾಥನ್’ ಗ್ರಂಥದಲ್ಲಿ ಮನುಷ್ಯನನ್ನು ದುಷ್ಟನೆಂದು ಕರೆದ ಎನ್ನುತ್ತೀರಿ. ಆದರೆ ಆಸೆಗಳು ತಮ್ಮಷ್ಟಕ್ಕೆ ಪಾಪವಲ್ಲ ಎಂದು ಆತ ಅದೇ ಗ್ರಂಥದಲ್ಲಿ ಹೇಳಿದ್ದಾನೆ. ಇಂಗ್ಲೆಂಡಿನ ಅಂತರ್ಯುದ್ಧದ ಕಾಲದವನಾದ ಆತನನ್ನು ಕಾಡಿದ್ದು, ಅಂಕೆಯಲ್ಲಿಡುವ ಅಧಿಕಾರವೇ ಇಲ್ಲದಾಗ ಜನರನ್ನು ಕಾದಾಟಕ್ಕೆ ನೂಕುವ ಪರಸ್ಪರ ಭಯ. ಇನ್ನೊಬ್ಬ ತತ್ವಜ್ಞಾನಿ ರೂಸೋ ಕುರಿತ ಪುಟವೂ ಹೀಗೆಯೇ ಕೇಳಿದ ಮಾತಿನಿಂದ ಕಟ್ಟಿದ್ದು.

ನಾಲ್ಕನೆಯ ಪುಟದಲ್ಲಿ ತೀರ್ಥಹಳ್ಳಿ ಕಡೆಯ ನಿಮ್ಮ ಊರು ಬರುತ್ತದೆ, ಬರಹಕ್ಕೆ ಜೀವ ಬರುತ್ತದೆ. ಕಾಲು ಮುರಿದು ಮಲಗಿದ ಯಜಮಾನನ ಮನೆಯ ಗದ್ದೆ ನಾಟಿಗೆ ಊರವರು ಮುಯ್ಯಾಳಿನಂತೆ, ಎಂದರೆ ಒಬ್ಬರ ಗದ್ದೆಗೆ ಇನ್ನೊಬ್ಬರು ಸರದಿಯಲ್ಲಿ ದುಡಿಯುವ ರೀತಿಯಲ್ಲಿ, ಬಂದರು. ಅವರಲ್ಲಿ, ಹಿಂದೆ ಅದೇ ಮನೆಯ ಬೇಲಿಯನ್ನು ರಾತ್ರೋರಾತ್ರಿ ಒಳಗೆ ಸರಿಸಿದ ನೆರೆಯವರೂ ಇದ್ದರು. ‘ನಾಳೆ ತನ್ನ ಗದ್ದೆಗೆ ಆಳು ಬೇಕಲ್ಲ, ಅದಕ್ಕೇ ಬಂದ’ ಎಂದು ಒಂದೇ ಸಾಲಿನಲ್ಲಿ ಅವರನ್ನು ಮುಗಿಸಿದ್ದೀರಿ. ಆದರೆ ಆ ಮನೆಯಲ್ಲಿ ಉಳಿದವರು ಇಬ್ಬರು ಮುದುಕರು, ಮುಯ್ಯಿ ತೀರಿಸಲು ಯಾರೂ ಇರಲಿಲ್ಲ ಎಂದು ನೀವೇ ಅರ್ಧ ವಾಕ್ಯದಲ್ಲಿ ಹೇಳಿ ದಾಟಿದ್ದೀರಿ. ನಿಮ್ಮ ವಾದಕ್ಕೆ ಅತಿ ಕಷ್ಟ ಕೊಡುವ ಸಂಗತಿ ಅದೇ. ಅಲ್ಲಿ ನಿಲ್ಲಬೇಕಿತ್ತು.

ವಿಕಾಸವಾದಿ ಜೀವವಿಜ್ಞಾನಿ ರಾಬರ್ಟ್ ಟ್ರಿವರ್ಸ್ ಅವರನ್ನು ಸಾಕ್ಷಿಗೆ ಕರೆದಿದ್ದೀರಿ. ಇಂದು ನೆರವಾದವರಿಗೆ ಮುಂದೆ ನೆರವು ಮರಳುವುದಾದರೆ ಅಂಥ ನಡತೆ ವಿಕಾಸದಲ್ಲಿ ಉಳಿಯಬಲ್ಲದು ಎಂದು ಅವರು 1971ರಲ್ಲಿ ವಿವರಿಸಿದ್ದು ನಿಜ. ಅದು ಆ ಗುಣ ನಮ್ಮಲ್ಲಿ ಹೇಗೆ ಬಂದಿರಬಹುದು ಎಂಬುದರ ವಿವರಣೆ. ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಬೇರೆಯವರ ಕೆಸರಿಗಿಳಿದ ಮನುಷ್ಯನ ಮನಸ್ಸಿನಲ್ಲಿ ಆಗ ಏನಿತ್ತೆಂದು ಅದು ಹೇಳುವುದಿಲ್ಲ.

‘ನೆರವಾದರೆ ಖುಷಿ ಸಿಗುತ್ತದೆ, ಆದ್ದರಿಂದ ಅದೂ ಸ್ವಾರ್ಥ’ ಎಂಬ ನಿಮ್ಮ ಕೊನೆಯ ವಾದ ನನ್ನನ್ನು ಹೆಚ್ಚು ಕೆಣಕಿತು. ಪಕ್ಕದ ಮನೆಯ ಗದ್ದೆ ಹಸಿರಾದದ್ದಕ್ಕೆ ಖುಷಿಯಾಗಬೇಕಾದರೆ, ಅದು ಹಸಿರಾಗಲಿ ಎಂಬ ಆಸೆ ಮೊದಲೇ ಇರಬೇಕಲ್ಲವೇ? ಯಾರು ಏನು ಮಾಡಿದರೂ ಸ್ವಾರ್ಥವೇ ಎಂದಾದರೆ ಬೇಲಿ ಸರಿಸಿದ್ದಕ್ಕೂ ನಾಟಿ ಮಾಡಿದ್ದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಆ ವ್ಯತ್ಯಾಸ ನಿಮ್ಮ ಊರಿನ ಮಕ್ಕಳಿಗೂ ಗೊತ್ತು.

ಹಾಗೆಂದು ಮನುಷ್ಯ ಮೂಲತಃ ಒಳ್ಳೆಯವನೆಂದು ತಿರುಗಿಸಿ ಬರೆದು ಕಳುಹಿಸಬೇಡಿ. ಬೇಲಿ ಇನ್ನೂ ಸರಿಸಿದ ಜಾಗದಲ್ಲೇ ಇದೆ ಎಂದು ನೀವೇ ಬರೆದಿದ್ದೀರಿ. ಅದನ್ನು ಮರೆಮಾಚಿದರೆ ಬರಹ ಸುಳ್ಳಾಗುತ್ತದೆ.

ಆ ನೆರೆಯವರ ಬಳಿ ಹೋಗಿ ಮಾತಾಡಿ. ಯಾಕೆ ಬಂದಿರಿ ಎಂದು ನೇರವಾಗಿ ಕೇಳಿದರೆ ಉತ್ತರ ಸಿಗಲಾರದು. ಆ ದಿನ ಯಾರು ಕರೆದರು, ಊಟ ಎಲ್ಲಾಯಿತು, ಮಲಗಿದ್ದ ಯಜಮಾನ ಅವರೊಡನೆ ಮಾತಾಡಿದರೇ ಎಂದು ಕೇಳಿ. ಬೇಲಿಯ ವಿಷಯವನ್ನು ಅವರೇ ಎತ್ತಿದರೆ ಅವರ ಮಾತಿನಲ್ಲೇ ಬರೆಯಿರಿ. ಎತ್ತದಿದ್ದರೆ ಅದನ್ನೂ ಬರೆಯಿರಿ. ಅವರ ಗುರುತು ಸಿಗದಂತೆ ಹೆಸರು, ಊರು ಬದಲಿಸಿ. ಅಡಿಕೆ ಕೊಯ್ಲು ಮುಗಿದ ಮೇಲೆ ಕಳುಹಿಸಿದರೂ ಸರಿ, ನಾನು ಕಾಯುತ್ತೇನೆ.

ಇತಿ,
ಸಂಪಾದಕ