ಮೋರಿಸ್ ಉಟ್ರಿಲೊ ಯಾರು? ಅವರ ಪ್ಯಾರಿಸ್ ಚಿತ್ರಗಳಲ್ಲಿ ಗೋಡೆಗಳೇಕೆ ಅಷ್ಟು ಬೆಳ್ಳಗಿರುತ್ತವೆ?

ಉಟ್ರಿಲೊ ಫ್ರಾನ್ಸಿನ ಚಿತ್ರಕಾರರು. ಗೋಡೆಯ ಚಿತ್ರವನ್ನು ಗೋಡೆಯ ಸಾಮಗ್ರಿಯಿಂದಲೇ ಬರೆದವರು ಅವರು, ಅದಕ್ಕೇ ಆ ಬಿಳುಪು. ಸುಮಾರು 1909ರಿಂದ 1914ರವರೆಗಿನ ಅವರ ಚಿತ್ರಗಳನ್ನು ‘ಬಿಳಿಯ ಕಾಲ’ದವು ಎನ್ನುತ್ತಾರೆ. ಆಗ ಅವರು ಬಿಳಿ ಬಣ್ಣಕ್ಕೆ ಗಾರೆಯ ಪುಡಿ ಬೆರೆಸಿ ದಪ್ಪಗೆ ಮೆತ್ತುತ್ತಿದ್ದರು. ಹತ್ತಿರ ನಿಂತು ನೋಡಿದರೆ ಮಳೆಗೆ ನೆನೆದು ಮಾಸಿದ ಸುಣ್ಣದ ಗೋಡೆಯ ಹಾಗೆಯೇ ಕಾಣುತ್ತದೆ: ಅಲ್ಲಲ್ಲಿ ಬೂದು, ಅಲ್ಲಲ್ಲಿ ಹಳದಿ, ತರಿತರಿ.

ಉಟ್ರಿಲೊ ಹುಟ್ಟಿದ್ದು 1883ರಲ್ಲಿ, ಪ್ಯಾರಿಸ್ಸಿನ ಮೊಂಮಾರ್ತ್ ಗುಡ್ಡದಲ್ಲಿ. ತಾಯಿ ಸುಝಾನ್ ವಲಾಡೊನ್ ಆಗ ಹದಿನೆಂಟರ ಹುಡುಗಿ. ರೆನ್ವಾರಂಥ ಕಲಾವಿದರಿಗೆ ರೂಪದರ್ಶಿಯಾಗಿದ್ದು, ಮುಂದೆ ತಾನೇ ದೊಡ್ಡ ಕಲಾವಿದೆಯಾದವಳು. ತಂದೆ ಯಾರೆಂಬುದು ಇಂದಿಗೂ ಖಚಿತವಿಲ್ಲ. 1891ರಲ್ಲಿ ಮಿಗೆಲ್ ಉಟ್ರಿಲೊ ಎಂಬ ಸ್ಪೇನಿನ ಕಲಾವಿಮರ್ಶಕರು ಹುಡುಗನಿಗೆ ತಮ್ಮ ಹೆಸರು ಕೊಟ್ಟರು.

ಎಳೆ ವಯಸ್ಸಿನಲ್ಲೇ ಕುಡಿತ ಅಂಟಿಕೊಂಡು ಆಸ್ಪತ್ರೆ ಸೇರುವಂತಾಯಿತು. ಅದರಿಂದ ಬಿಡಿಸಲೆಂದು ತಾಯಿಯೇ ಕೈಗೆ ಕುಂಚ ಕೊಟ್ಟಳು. ಚಟ ಬಿಡಲಿಲ್ಲ, ಆದರೆ ಚಿತ್ರ ಹಿಡಿಯಿತು. ಎಷ್ಟೋ ಸಲ ಬೀದಿಗಿಳಿಯದೆ ಪಿಕ್ಚರ್ ಪೋಸ್ಟ್‌ಕಾರ್ಡ್ ನೋಡಿಕೊಂಡೇ ಬರೆದರು. ಅದನ್ನು ಕೊರತೆ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಮೊಂಮಾರ್ತ್‌ನ ‘ಲಪಾನ್ ಅಜಿಲ್’ ಎಂಬ ಹಳೆಯ ಕ್ಯಾಬರೆಯನ್ನು (ಹಾಡು ಕೇಳುತ್ತ ಕುಡಿಯುವ ಜಾಗ) ಅವರು ಮತ್ತೆ ಮತ್ತೆ ಬರೆದಿದ್ದಾರೆ. ಆ ಇಳಿಜಾರು ಬೀದಿಯ ಮೌನ ಯಾವ ಪೋಸ್ಟ್‌ಕಾರ್ಡಿನಲ್ಲೂ ಸಿಗದು.

ನಂತರದ ಚಿತ್ರಗಳಲ್ಲಿ ಬಣ್ಣ ಹೆಚ್ಚಿತು, ಹಣ, ಹೆಸರು ಎರಡೂ ಬಂದವು. ಆದರೂ ನನಗೆ ಬಿಳಿಯವೇ ಇಷ್ಟ. 1935ರಲ್ಲಿ ಮದುವೆಯಾಗಿ ನಗರದ ಹೊರವಲಯಕ್ಕೆ ಹೋದರು. 1955ರಲ್ಲಿ ತೀರಿಕೊಂಡಾಗ ಅವರನ್ನು ಮಣ್ಣು ಮಾಡಿದ್ದು ಮೊಂಮಾರ್ತ್‌ನಲ್ಲೇ, ಲಪಾನ್ ಅಜಿಲ್‌ನ ಎದುರಿನ ಸ್ಮಶಾನದಲ್ಲಿ.