ಚೆನ್ನಮ್ಮ ಎಂಬುದು ಹೆಸರು, ವಿಷಯವಲ್ಲ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ – ಈ ಸಲ: ಪ್ರಬಂಧಕ್ಕೆ ವಿಷಯ ಆರಿಸುವುದು

ಪ್ರಶ್ನೆ: ಕಿತ್ತೂರು ಉತ್ಸವದ ಹೊತ್ತಿಗೆ ನಮ್ಮ ಕಾಲೇಜಿನಲ್ಲಿ ಪ್ರಬಂಧ ಸ್ಪರ್ಧೆ ಇದೆ ಸರ್. ವಿಷಯ ‘ವೀರರು ಮತ್ತು ವೀರತ್ವ’, ಮಿತಿ 600 ಶಬ್ದ. ಚೆನ್ನಮ್ಮನ ಬಗ್ಗೆ ಬರೆಯಲು ಕೂತೆ. ಹುಟ್ಟು, ಮದುವೆ, ಯುದ್ಧ, ಸೆರೆ ಎಲ್ಲ ಬರೆಯುವಷ್ಟರಲ್ಲಿ 600 ಮುಗಿದೇ ಹೋಯಿತು. ಓದಿ ನೋಡಿದರೆ ಹೇಳಿದ್ದು ಏನೂ ಇಲ್ಲ. ಎಲ್ಲಿ ತಪ್ಪಿದೆ?
– ದ್ವಿತೀಯ ಪಿಯು ವಿದ್ಯಾರ್ಥಿನಿ, ಬೈಲಹೊಂಗಲ

ಉತ್ತರ: ‘ವೀರರು ಮತ್ತು ವೀರತ್ವ’ ಎಂಬುದು ಸ್ಪರ್ಧೆಯವರು ತೋರಿಸಿದ ಹೊಲ. ಅದರಲ್ಲಿ ನಿಮ್ಮ ಸಾಲು ಯಾವುದೆಂದು ಗುರುತು ಮಾಡಿಕೊಳ್ಳದೆ ಬಿತ್ತಲು ಇಳಿದಿದ್ದೀರಿ.

ಮೊದಲು ಲೆಕ್ಕ ಹಾಕೋಣ. 600 ಶಬ್ದದಲ್ಲಿ ಆರಂಭಕ್ಕೆ 80, ಮುಕ್ತಾಯಕ್ಕೆ 60 ತೆಗೆಯಿರಿ. ಉಳಿದದ್ದು 460. ಒಂದು ಘಟನೆಯನ್ನು ಹೇಳಿ, ಅದರಿಂದ ಏನು ತಿಳಿಯುತ್ತದೆ ಎಂದು ಬಿಡಿಸಿ, ಬರಬಹುದಾದ ಆಕ್ಷೇಪಕ್ಕೆ ಒಂದು ಮಾತು ಸೇರಿಸಲು ಸುಮಾರು 150 ಶಬ್ದ ಬೇಕೇ ಬೇಕು. ಅಂದರೆ ನಿಮಗೆ ಸಿಗುವುದು ಮೂರು ಘಟನೆ. 1778ರಲ್ಲಿ ಕಾಕತಿಯಲ್ಲಿ ಹುಟ್ಟಿ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡವಳ ಇಡೀ ಬಾಳನ್ನು ಮೂರು ಘಟನೆಯಲ್ಲಿ ತುರುಕಿದರೆ ಉಳಿಯುವುದು ತಾರೀಖುಗಳ ಪಟ್ಟಿ ಮಾತ್ರ.

ಈಗ ಒಂದು ಖಾಲಿ ಹಾಳೆ ತೆಗೆದುಕೊಳ್ಳಿ. ಮೇಲೆ ಹೆಸರು, ಕೆಳಗೆ ಬರೀ ಕ್ರಿಯಾಪದ. ವಿಶೇಷಣ ಒಂದೂ ಬೇಡ. ‘ಧೀರೆ’, ‘ಕೆಚ್ಚೆದೆಯ’, ‘ಅಪ್ರತಿಮ’ ಬಂದರೆ ಹೊಡೆದು ಹಾಕಿ. ದತ್ತು ಮಗುವಿನ ಪರ ನಿಂತಳು. ಈಸ್ಟ್ ಇಂಡಿಯಾ ಕಂಪನಿಯ ಮಾತನ್ನು ಒಪ್ಪಲಿಲ್ಲ. ಕಾದಳು. ಸೆರೆ ಹಿಡಿದಳು. ಬಿಟ್ಟಳು. ಸೆರೆಯಾದಳು. ಇದರಲ್ಲಿ ಯಾವುದನ್ನು ಓದಿದಾಗ ‘ಯಾಕೆ ಹಾಗೆ ಮಾಡಿದಳು?’ ಎಂದು ನಿಮಗೇ ಕೇಳಬೇಕೆನಿಸುತ್ತದೋ ಅದಕ್ಕೆ ಗೆರೆ ಎಳೆಯಿರಿ. ಬಹಳ ಮಂದಿ ‘ಕಾದಳು’ ಎಂಬುದಕ್ಕೇ ಗೆರೆ ಎಳೆಯುತ್ತಾರೆ. ‘ಬಿಟ್ಟಳು’ ಎಂಬುದನ್ನು ಸ್ವಲ್ಪ ನೋಡಿ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಸತ್ತ. ಎಲಿಯಟ್ ಮತ್ತು ಸ್ಟೀವನ್ಸನ್ ಎಂಬ ಇಬ್ಬರು ಅಧಿಕಾರಿಗಳು ಕಿತ್ತೂರಿನವರ ಕೈಗೆ ಸಿಕ್ಕರು. ಅವರನ್ನು ಕೊಲ್ಲಲಿಲ್ಲ, ಮಾತುಕತೆಯ ನಂತರ ಬಿಟ್ಟರು. ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು.

ವಿಷಯ ಕಿರಿದಾಗುತ್ತ ಬಂದ ದಾರಿ ನೋಡಿ: ‘ಕಿತ್ತೂರು ಚೆನ್ನಮ್ಮ’, ‘ಚೆನ್ನಮ್ಮನ ಶೌರ್ಯ’, ‘1824ರ ಅಕ್ಟೋಬರ್ ಗೆಲುವು’, ‘ಗೆದ್ದ ಮೇಲೆ ಒತ್ತೆಯಾಳುಗಳನ್ನು ಉಳಿಸಿದ್ದು’. ಕೊನೆಯದನ್ನು ಒಂದು ವಾಕ್ಯ ಮಾಡಿ: ‘ಕೈಗೆ ಸಿಕ್ಕ ವೈರಿಯನ್ನು ಉಳಿಸಿದ್ದು ಚೆನ್ನಮ್ಮನ ಸೌಜನ್ಯವಲ್ಲ, ಕಾದಿದಷ್ಟೇ ದೊಡ್ಡ ಧೈರ್ಯ.’ ಇದನ್ನು ಗೆಳತಿಗೆ ಓದಿ ಹೇಳಿ. ಅವಳು ‘ಹಂಗೇನಿಲ್ಲ ಬಿಡು, ಅದು ರಾಜಕಾರಣ’ ಎಂದರೆ ನಿಮಗೆ ವಿಷಯ ಸಿಕ್ಕಿತು. ‘ಹೌದಲ್ಲ’ ಎಂದು ಸುಮ್ಮನಾದರೆ ಇನ್ನೂ ಸಿಕ್ಕಿಲ್ಲ. ಚೆನ್ನಮ್ಮ ವೀರಳು ಎಂಬ ಮಾತಿಗೆ ಬೈಲಹೊಂಗಲದಲ್ಲಿ ಯಾರು ತಾನೇ ಅಲ್ಲವೆಂದಾರು?

ಇನ್ನು ಅಂಕ ಕಳೆಯುವ ಕಡೆಗಳು. ‘ಡಾಲ್‌ಹೌಸಿಯ ದತ್ತುಪುತ್ರ ನೀತಿಯ ವಿರುದ್ಧ ಹೋರಾಡಿದಳು’ ಎಂದು ಬರೆಯಬೇಡಿ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರ ಜನವರಿಯಲ್ಲಿ, ಕಿತ್ತೂರು ಬಿದ್ದು 23 ವರ್ಷದ ಮೇಲೆ. ಕಂಪನಿ ಕಿತ್ತೂರಿನ ದತ್ತುವನ್ನು ಒಪ್ಪಲಿಲ್ಲ ಎಂದಷ್ಟೇ ಹೇಳಿದರೆ ಸರಿಯಾಗುತ್ತದೆ. ‘ವಿದೇಶಿಯರ ವಿರುದ್ಧ ಕತ್ತಿ ಎತ್ತಿದ ಮೊದಲ ರಾಣಿ’ ಎಂದರೆ ಉಳ್ಳಾಲದ ಅಬ್ಬಕ್ಕ ಎದ್ದು ಬರುತ್ತಾಳೆ. ಅವಳು 16ನೇ ಶತಮಾನದಲ್ಲೇ ಪೋರ್ಚುಗೀಸರ ಜೊತೆ ಕಾದಿದ್ದಳು. ನಾಟಕ, ಸಿನಿಮಾದ ಸಂಭಾಷಣೆಯನ್ನು ರಾಣಿಯೇ ಆಡಿದ ಮಾತು ಎಂದು ಉದ್ಧರಣ ಚಿಹ್ನೆಯಲ್ಲಿ ಹಾಕುವುದಂತೂ ಬೇಡವೇ ಬೇಡ.

ಪ್ರಶ್ನೆ: ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ‘ನಿನ್ನ ಮೆಚ್ಚಿನ ವೀರ’ ಎಂದು ಪ್ರಬಂಧ ಕೊಟ್ಟರೆ ನಲವತ್ತು ಮಕ್ಕಳೂ ಒಂದೇ ಥರ ಬರೆದು ತರುತ್ತಾರೆ. ರಾಯಣ್ಣ ಹುಟ್ಟಿದ್ದು ಆಗಸ್ಟ್ 15, ಗಲ್ಲಿಗೇರಿದ್ದು ಜನವರಿ 26 ಎಂಬಲ್ಲಿಂದಲೇ ಶುರು. ಬೇರೆ ಬೇರೆ ವಿಷಯ ಹಂಚುವುದು ಹೇಗೆ?
– ಶಿಕ್ಷಕರು, ಮುಧೋಳ

ಉತ್ತರ: ಹೆಸರು ಹಂಚಬೇಡಿ, ತಕರಾರು ಹಂಚಿ. ಮುಧೋಳದಲ್ಲಿ ಕೂತು ಇದಕ್ಕೆ ಬರಗಾಲ ಎನ್ನುವ ಹಾಗೇ ಇಲ್ಲ.

ರನ್ನ ನಿಮ್ಮೂರಿನವನು. ‘ಗದಾಯುದ್ಧ’ದಲ್ಲಿ ಭೀಮನನ್ನು ತನ್ನ ದೊರೆ ಸತ್ಯಾಶ್ರಯನಿಗೆ ಹೋಲಿಸಿ ಮೆರೆಸಿದ. ಆದರೆ ಓದಿದವರ ಮನಸ್ಸಲ್ಲಿ ಉಳಿಯುವವನು ದುರ್ಯೋಧನ. ಅವನು ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ, ದಡದಲ್ಲಿ ಭೀಮ ಗರ್ಜಿಸುತ್ತಾನೆ, ಆಗ ‘ಕೋಪಾರುಣನೇತ್ರಂ ಕೇಳ್ದಾ ನೀರೊಳಗಿರ್ದುಂ ಬೆಮರ್ತನುರಗಪತಾಕಂ’. ನೀರಿನೊಳಗಿದ್ದೂ ಬೆವರಿದ. ಈ ಒಂದು ಸಾಲನ್ನು ಹಲಗೆಯ ಮೇಲೆ ಬರೆದು ಕೇಳಿ: ಆ ಬೆವರು ಸಿಟ್ಟಿನದೋ ಅಂಜಿಕೆಯದೋ? ಕಣ್ಣು ಕೋಪದಿಂದ ಕೆಂಪಾಗಿತ್ತು ಎಂದು ಕವಿಯೇ ಹೇಳಿದ್ದಾನಲ್ಲ ಎಂದು ಒಬ್ಬ ಹೇಳುತ್ತಾನೆ. ಹಾಗಾದರೆ ಅಡಗಿದ್ದೇಕೆ ಎಂದು ಇನ್ನೊಬ್ಬಳು ಕೇಳುತ್ತಾಳೆ. ಅಡಗಿದವನು ವೀರನಾಗಬಲ್ಲನೇ ಎಂಬುದು ಅಲ್ಲಿಗೆ ಎರಡು ಪುಟದ ಪ್ರಬಂಧವಾಯಿತು, ಗ್ರಂಥಾಲಯಕ್ಕೆ ಓಡುವ ಕೆಲಸವೂ ಇಲ್ಲ.

ಹಲಗಲಿ ನಿಮ್ಮ ತಾಲ್ಲೂಕಿನದೇ. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಹುಕುಂ ಬಂದಾಗ ಬೇಡರು ಒಲ್ಲೆವೆಂದು ತಿರುಗಿ ನಿಂತರು, ಊರು ಸುಟ್ಟಿತು, ಹಿಡಿದವರನ್ನು ಗಲ್ಲಿಗೆ ಹಾಕಿದರು. ಈ ದಂಗೆಯ ಮೇಲೆ ಕಟ್ಟಿದ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಬ್ರಿಟಿಷ್ ಅಧಿಕಾರಿ ಜೆ. ಎಫ್. ಫ್ಲೀಟ್. ಸೋತವರ ಹಾಡನ್ನು ಗೆದ್ದವರ ಕಡೆಯವನು ಕಾಪಾಡಿದ! ‘ಸೋತವರನ್ನು ವೀರರನ್ನಾಗಿ ಮಾಡುವುದು ಅವರ ಕತ್ತಿಯೋ, ಅವರ ಮೇಲಿನ ಹಾಡೋ?’ ಒಂಬತ್ತು, ಹತ್ತನೆಯ ತರಗತಿಗೆ ಇದನ್ನು ಕೊಡಿ. ಎಂಟನೆಯವರಿಗೆ ಭಾರವಾದೀತು.

ರಾಯಣ್ಣನನ್ನೇ ಬರೆಯುತ್ತೇವೆ ಎಂದು ಹಟ ಹಿಡಿಯುವವರಿಗೆ ಆ ತಾರೀಖುಗಳನ್ನು ಬಿಡಿಸಿ ನಂದಗಡದ ಆಲದ ಮರ ಕೊಡಿ. 1831ರಲ್ಲಿ ಅವನನ್ನು ಗಲ್ಲಿಗೇರಿಸಿದ ಜಾಗದಲ್ಲಿ ಮಕ್ಕಳ ಭಾಗ್ಯ ಬೇಡಿ ಸಣ್ಣ ತೊಟ್ಟಿಲು ಕಟ್ಟುವವರಿದ್ದಾರೆ. ಬಂಡಾಯಗಾರನ ಹತ್ತಿರ ಹೆಂಗಸರು ಮಗುವನ್ನು ಯಾಕೆ ಬೇಡುತ್ತಾರೆ? ಈ ಪ್ರಶ್ನೆ ಹಿಡಿದ ಹುಡುಗ ಆಗಸ್ಟ್ 15ರ ಕಡೆ ಹೊರಳಿಯೂ ನೋಡುವುದಿಲ್ಲ.

ಅಗಸಿ ಬಾಗಿಲಲ್ಲೋ ಹಣಮಪ್ಪನ ಗುಡಿ ಮುಂದೋ ವೀರಗಲ್ಲು ಇರುವ ಊರಿನ ಮಕ್ಕಳಿಗೆ ಅದೇ ಸಾಕು. ಕೆಳಗಿನಿಂದ ಮೇಲಕ್ಕೆ ಓದುವುದು ರೂಢಿ: ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗಪೂಜೆ, ತುದಿಗೆ ಸೂರ್ಯ ಚಂದ್ರ. ಕೆಳಗೆ ದನಗಳಿದ್ದರೆ ಅದು ತುರುಗಾಳಗ, ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವನ ಕಲ್ಲು. ಬೆಳಿಗ್ಗೆ ಎಂಟರ ಒಳಗೆ ಅಥವಾ ಸಂಜೆ ಐದರ ಮೇಲೆ ಓರೆ ಬಿಸಿಲಲ್ಲಿ ಫೋಟೊ ತೆಗೆಸಿ, ನೆತ್ತಿಯ ಬಿಸಿಲಲ್ಲಿ ಗೆರೆ ಕಾಣವು. ಸುಣ್ಣ, ಎಣ್ಣೆ ಹಿಡಿದಿದ್ದರೆ ಕೆರೆಯಲು, ಚಾಕ್‌ಪೀಸ್ ತುಂಬಲು ಬಿಡಬೇಡಿ, ಕಲ್ಲು ಹಾಳಾಗುತ್ತದೆ. ಪ್ರಬಂಧದ ಪ್ರಶ್ನೆ: ಅರಸನಲ್ಲದವನಿಗೆ, ಎಷ್ಟೋ ಸಲ ಹೆಸರೂ ಕೆತ್ತಿಲ್ಲದವನಿಗೆ, ಊರು ಕಲ್ಲು ನಿಲ್ಲಿಸಿದ್ದು ಏಕೆ?

ಪ್ರಶ್ನೆ: ನನಗ ನಮ್ಮ ಅಪ್ಪಾರೇ ಹೀರೊ ರೀ. ನೇಕಾರರು. ಅವರ ಮ್ಯಾಲೆ ಬರದೀನಿ, ಆದ್ರ ಓದಿದವರು ‘ಎಲ್ಲಾರ ಅಪ್ಪಂದೂ ಹಿಂಗ ಇರತೈತಿ’ ಅಂದ್ರು. ಬ್ಯಾರೆ ವಿಷಯ ಹುಡುಕಬೇಕೇನ್ರಿ?
– ಬಿ.ಎ. ವಿದ್ಯಾರ್ಥಿ, ರಬಕವಿ-ಬನಹಟ್ಟಿ

ಉತ್ತರ: ಬೇಡ. ಅಪ್ಪನನ್ನು ಬಿಡಬೇಡಿ, ‘ಹಗಲು ರಾತ್ರಿ’, ‘ಕಷ್ಟಪಟ್ಟು’, ‘ತ್ಯಾಗ’ ಈ ಮೂರನ್ನು ಬಿಡಿ. ಎಲ್ಲರ ಅಪ್ಪನಿಗೂ ಒಪ್ಪುವ ಮಾತುಗಳು ಅವೇ.

ಅಪ್ಪನ ಮುಂದೆ ಕೂತು ಒಂದೇ ದಿನದ ಬಗ್ಗೆ ಕೇಳಿ, ಅವರು ಒಂದು ನಿರ್ಧಾರ ಮಾಡಿದ ದಿನ. ಮಗ್ಗ ಮಾರಿದ ದಿನ ಇರಬಹುದು, ಮಾರಲು ಒಲ್ಲೆ ಎಂದ ದಿನವೂ ಇರಬಹುದು. ಎಷ್ಟಕ್ಕೆ ಕೇಳಿದರು, ಆಗ ನೂಲಿನ ದರ ಎಷ್ಟಿತ್ತು, ಅವ್ವ ಏನಂದಳು, ಮಗ್ಗ ಎತ್ತಿದ ಮೇಲೆ ಆ ತಗ್ಗನ್ನು ಏನು ಮಾಡಿದಿರಿ? ಕೈಮಗ್ಗದ ಕಾಲುಕುಣಿಗೆ ಮಣ್ಣು ತುಂಬಿದ್ದನ್ನು ನೀವು ನೋಡಿದ್ದರೆ ಪ್ರಬಂಧ ಅಲ್ಲಿಂದ ಶುರುವಾಗಲಿ.

ಆಮೇಲೆ ಆ ದಿನವನ್ನು ಮೂರು ಕಡೆಯಿಂದ ಅಳೆಯಿರಿ. ತಪ್ಪಿಸಿಕೊಳ್ಳುವ ದಾರಿ ಅವರಿಗೆ ಇತ್ತೇ? ಕಳೆದುಕೊಳ್ಳುವುದು ಏನಿತ್ತು? ಯಾರಿಗಾಗಿ? ದಾರಿಯೇ ಇರದಿದ್ದರೆ ಅದು ಸಹನೆ. ಸಹನೆ ಸಣ್ಣದಲ್ಲ, ಆದರೆ ವೀರತ್ವ ಎಂದು ವಾದಿಸಲು ಹೋದರೆ ಪ್ರಬಂಧ ಕುಂಟುತ್ತದೆ. ಇದೇ ಅಳತೆಗೋಲನ್ನು ದೊಡ್ಡವರಿಗೂ ಹಿಡಿಯಬಹುದು. ವಿಜಯಪುರದ ಫ. ಗು. ಹಳಕಟ್ಟಿಯವರು ವಕೀಲಿ ವೃತ್ತಿಯಲ್ಲಿದ್ದವರು, ತಾಡೋಲೆ ಕಟ್ಟು ಹುಡುಕಿ ವಚನಗಳನ್ನು ಅಚ್ಚಿಗೆ ತರಲು ಹಿತಚಿಂತಕ ಮುದ್ರಣಾಲಯವನ್ನೇ ತೆರೆದರು. ಸುಖವಾಗಿ ವಕೀಲಿಕೆ ಮಾಡಿಕೊಂಡು ಇರುವ ದಾರಿ ಅವರ ಮುಂದೆ ತೆರೆದೇ ಇತ್ತು.

ಸಾಲದ ಮಾತು, ಮನೆಯ ಜಗಳ ಬರುವುದಾದರೆ ಕೊಡುವ ಮುಂಚೆ ಅಪ್ಪನಿಗೆ ಓದಿ ಹೇಳಿ.

ಪ್ರಶ್ನೆ: ಕೆಎಎಸ್ ಮುಖ್ಯ ಪರೀಕ್ಷೆಗೆ ಓದುತ್ತಿದ್ದೇನೆ. ‘ವೀರಪೂಜೆ ಮತ್ತು ಪ್ರಜಾಪ್ರಭುತ್ವ’ ಥರದ ವಿಷಯ ಬಂದರೆ ನಿಘಂಟಿನ ಅರ್ಥದಿಂದ ಶುರು ಮಾಡಿ ನಾಯಕತ್ವದ ಗುಣಗಳಲ್ಲಿ ಮುಗಿಸುತ್ತೇನೆ. ಅಂಕ ಬರುತ್ತಿಲ್ಲ.
– ವಿಜಯಪುರ

ಉತ್ತರ: ನಮ್ಮ ‘ನಾಯಕ’ ಎಂಬ ಶಬ್ದ ಇಲ್ಲಿ ಕಾಲು ಜಾರಿಸುತ್ತದೆ. ಕಥೆಯ ನಾಯಕ, ಪಕ್ಷದ ನಾಯಕ, ಎರಡಕ್ಕೂ ಅದೇ ಶಬ್ದ. ಹಾಗಾಗಿ ವೀರನಿಂದ ಹೊರಟವರು ಗೊತ್ತಿಲ್ಲದೆ ಮುಂದಾಳುವಿನ ಹತ್ತಿರ ಇಳಿದುಬಿಡುತ್ತಾರೆ. ಈ ಪ್ರಬಂಧದಲ್ಲಿ ‘ವೀರ’, ‘ಮುಂದಾಳು’ ಎಂದು ಬೇರೆ ಬೇರೆಯಾಗಿ ಬರೆಯಿರಿ, ‘ನಾಯಕ’ ಮುಟ್ಟಲೇಬೇಡಿ.

ನಿಘಂಟಿನ ಬದಲು ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಿಂದ ಹೊರಡಬಹುದು. ಸುಮಾರು ಕ್ರಿ.ಶ. 700ರ ಆ ತ್ರಿಪದಿ ವೀರನನ್ನು ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಎಂದು ಕರೆದು, ಆಮೇಲೆ ‘ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್’ ಎನ್ನುತ್ತದೆ. ಒಳ್ಳೆಯವನಿಗೆ ಒಳ್ಳೆಯವನು, ಕಾಡುವವನಿಗೆ ಮಾತ್ರ ವೈರಿ: ಬಲ ಯಾರ ಮೇಲೆ ಬೀಳಬೇಕು, ಯಾರ ಮೇಲೆ ಬೀಳಬಾರದು ಎಂಬ ಗಡಿ ಅಲ್ಲಿದೆ. ಇನ್ನೊಂದು ತುದಿಗೆ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಕೊಟ್ಟ ಎಚ್ಚರಿಕೆ ಇಡಿ: ಧರ್ಮದಲ್ಲಿ ಭಕ್ತಿ ಮುಕ್ತಿಗೆ ದಾರಿಯಾದೀತು, ರಾಜಕಾರಣದಲ್ಲಿ ಭಕ್ತಿ ಅಥವಾ ವೀರಪೂಜೆ ಅವನತಿಗೂ ಕೊನೆಗೆ ಸರ್ವಾಧಿಕಾರಕ್ಕೂ ಒಯ್ಯುತ್ತದೆ. ಇವೆರಡರ ನಡುವೆ ನಿಮ್ಮ ವಾದ ಓಡಾಡಲಿ.

ಊರಿನ ಉದಾಹರಣೆ ಬೇಕೆಂದರೆ ಚಾಂದಬೀಬಿ. ಬಾಲಕ ಇಬ್ರಾಹಿಂ ಆದಿಲ್‌ಶಾಹನ ಹೆಸರಲ್ಲಿ ವಿಜಯಪುರದ ಆಡಳಿತ ನೋಡಿದವಳು, ಮುಂದೆ ಅಹ್ಮದ್‌ನಗರದ ಕೋಟೆಯನ್ನು ಮೊಘಲರಿಂದ ಕಾಪಾಡಿದಳು. ಕೊನೆಗೆ ಮೊಘಲರ ಜೊತೆ ಸಂಧಿ ಮಾಡಿಕೊಳ್ಳಲು ಹೊರಟಾಗ ದ್ರೋಹಿ ಎಂದು ಅವಳ ಕಡೆಯವರೇ ಕೊಂದರು. ವೀರಳನ್ನು ಪೂಜಿಸುವ ಜನ ಅವಳ ವಿವೇಕವನ್ನು ಸಹಿಸಲಾರರು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಉದಾಹರಣೆ ಸಿಗುವುದು ಕಷ್ಟ.

ಮೂರು ತಾಸಿನಲ್ಲಿ ಎರಡು ಪ್ರಬಂಧ ಎಂದಾದರೆ ಒಂದಕ್ಕೆ 90 ನಿಮಿಷ. ಮೊದಲ 15 ನಿಮಿಷ ಪೆನ್ನು ಉತ್ತರದ ಹಾಳೆ ಮುಟ್ಟದಿರಲಿ. ವಾದದ ವಾಕ್ಯ, ಅದರ ವಿರುದ್ಧದ ಅತಿ ಗಟ್ಟಿ ಮಾತು, ನಾಲ್ಕು ಉದಾಹರಣೆ, ಇಷ್ಟು ಕಚ್ಚಾ ಹಾಳೆಯಲ್ಲಿ ಬಂದ ಮೇಲೆ ಬರೆಯಲು ತೊಡಗಿ.

ಪ್ರಶ್ನೆ: ಶೀರ್ಷಿಕೆ ಮೊದಲೇ ಇಡಬೇಕೋ ಬರೆದಾದ ಮೇಲೋ?
– ಇಳಕಲ್

ಉತ್ತರ: ಮೊದಲು ಪೆನ್ಸಿಲ್‌ನಲ್ಲಿ ಇಡಿ, ಮುಗಿದ ಮೇಲೆ ತಿದ್ದಿ. ಶೀರ್ಷಿಕೆಯಲ್ಲಿ ವ್ಯಕ್ತಿಯ ಹೆಸರು ತೆಗೆದು ಇನ್ನೊಬ್ಬರ ಹೆಸರು ಹಾಕಿ ನೋಡಿ. ಆಗಲೂ ಸರಿಹೊಂದಿದರೆ ಮತ್ತೆ ಪೆನ್ಸಿಲ್ ತೆಗೆದುಕೊಳ್ಳಿ.